ಆಫೀಸಿನಲ್ಲಿ ನಾನು ನಾನಾಗಿಯೇ ಇದ್ದರೆ ನಡೆಯುತ್ತಾ?

ಪ್ರಶ್ನೆ: ನನ್ನ ಊರು ರಾಣೆಬೆನ್ನೂರು. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ, ಆಮೇಲೆ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್. ಮದುವೆಯಾಗಿ ಪುಣೆಗೆ ಬಂದೆ. ಈಗ ಚಾಕಣದಲ್ಲಿ ವಾಹನದ ಬಿಡಿಭಾಗ ಮಾಡುವ ಕಾರ್ಖಾನೆಯೊಂದರ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಹೋದ ವರ್ಷ ಮ್ಯಾನೇಜರ್ ಮಾಡಿದರು. ಕೈಕೆಳಗೆ 16 ಜನ. ಹೆಚ್ಚಿನವರು ಮರಾಠಿಗರು, ಉಳಿದವರು ಉತ್ತರ ಪ್ರದೇಶ, ಬಿಹಾರದ ಕಡೆಯವರು. ನನಗೆ ಮೊದಲಿಂದಲೂ ಮಾತು ಕಮ್ಮಿ. ಹಿಂದಿಯಲ್ಲಿ ಸ್ತ್ರೀಲಿಂಗ, ಪುಲ್ಲಿಂಗ ತಪ್ಪುತ್ತದೆ. ಒಮ್ಮೆ ಮೀಟಿಂಗಿನಲ್ಲಿ ಯಾರೋ ನಕ್ಕರು. ಅವತ್ತಿನಿಂದ ಆದಷ್ಟೂ ಇಮೇಲ್‌ನಲ್ಲೇ ಕೆಲಸ ಮುಗಿಸುತ್ತೇನೆ.

ಈ ವರ್ಷ ಕಂಪನಿಯವರು ಹೆಸರು ಹಾಕದೆ ನಿಮ್ಮ ಮ್ಯಾನೇಜರ್ ಬಗ್ಗೆ ಬರೆಯಿರಿ ಅಂತ ಟೀಮಿಗೆ ಹೇಳಿದ್ದರು. "ಮೇಡಂ ಮನಸ್ಸಲ್ಲಿ ಏನಿದೆ ಅಂತ ಗೊತ್ತೇ ಆಗಲ್ಲ" ಎಂದು ಬಹಳ ಜನ ಬರೆದರು. ಆಮೇಲೆ ನನ್ನನ್ನು ಒಂದು ಟ್ರೈನಿಂಗ್‌ಗೆ ಕಳಿಸಿದರು. ಲೀಡರ್ ಆದವರು ಮುಖವಾಡ ಕಳಚಬೇಕು, ಟೀಮಿನ ಮುಂದೆ ಮನಸ್ಸು ಬಿಚ್ಚಬೇಕು ಎಂದು ಅಲ್ಲಿ ಹೇಳಿಕೊಟ್ಟರು. ಮುಂದಿನ ವಾರವೇ ದೊಡ್ಡ ಕಸ್ಟಮರ್ ಕಂಪ್ಲೇಂಟ್ ಬಂತು. ನಾನು ಟೀಮನ್ನು ಕರೆದು ಇದ್ದದ್ದು ಇದ್ದಹಾಗೆ ಹೇಳಿದೆ. "ನನಗೂ ತಲೆ ಓಡ್ತಿಲ್ಲ. ಈ ಕೆಲಸಕ್ಕೆ ನಾನು ತಕ್ಕವಳೋ ಅಲ್ಲವೋ ಅಂತ ರಾತ್ರಿ ನಿದ್ದೆ ಬರಲ್ಲ" ಎಂದೆ. ಯಾರೂ ಮಾತಾಡಲಿಲ್ಲ. ಸಂಜೆ ಪ್ಲಾಂಟ್ ಹೆಡ್ ಕರೆದು "ಟೀಮಿನ ಮುಂದೆ ಯಾರಾದರೂ ಹೀಗೆ ಹೇಳ್ತಾರಾ?" ಅಂದರು. ಈಗ ಇಬ್ಬರು ಸೀನಿಯರ್‌ಗಳು ನನ್ನನ್ನು ಬಿಟ್ಟು ನೇರ ಅವರ ಹತ್ತಿರವೇ ಹೋಗುತ್ತಾರೆ.

ಊರಲ್ಲಿ ಅಮ್ಮನಿಗೆ ಹುಷಾರಿಲ್ಲ. ಅದನ್ನೂ ಆಫೀಸಿನಲ್ಲಿ ಹೇಳಿಲ್ಲ. ನನ್ನ ಯಜಮಾನರು "ಆಫೀಸು ಅಂದ್ರೆ ನಾಟಕ. ಪಾತ್ರ ಮಾಡು, ಸಂಬಳ ತಗೋ, ಮನೆಗೆ ಬಾ" ಅನ್ನುತ್ತಾರೆ. ನನಗೆ ಒಳಗೊಂದು ಹೊರಗೊಂದು ಬರುವುದಿಲ್ಲ. ನಾನು ನಾನಾಗಿಯೇ ಇರಬೇಕಾ, ನಟಿಸಬೇಕಾ?

ಉತ್ತರ: ನೀವು ಕೇಳಿರುವುದು ನಟಿಸಬೇಕಾ ಬೇಡವಾ ಅಂತ. ಆದರೆ ಪತ್ರ ಓದಿದರೆ ನಿಮ್ಮನ್ನು ಕೊರೆಯುತ್ತಿರುವುದು ಬೇರೆ ಅನ್ನಿಸುತ್ತದೆ. ನಿಜ ಹೇಳಿದ್ದಕ್ಕೆ ಏಟು ಬಿತ್ತಲ್ಲ, ಯಾಕೆ? ಮೊದಲು ಅದನ್ನೇ ನೋಡೋಣ. ಅದು ಬಿಡಿಸಿದರೆ ಉಳಿದದ್ದು ಸುಲಭ.

ಅವತ್ತಿನ ಮೀಟಿಂಗನ್ನು ಟೀಮಿನ ಕಡೆಯಿಂದ ನೋಡಿ. ಕಸ್ಟಮರ್ ಹತ್ತಿರ ಕೆಟ್ಟ ಮಾಲು ಹೋಗಿದೆ. ಗೋಡೌನಿನಲ್ಲಿ ಇನ್ನಷ್ಟು ಇರಬಹುದು, ದಾರಿಯಲ್ಲಿರುವ ಲಾರಿಯಲ್ಲಿ ಇರಬಹುದು. ತಪ್ಪು ಯಾರ ತಲೆಗೆ ಬರುತ್ತದೋ ಎಂದು ಎಲ್ಲರೂ ಹೆದರಿದ್ದಾರೆ. ಅವರಿಗೆ ಬೇಕಿದ್ದದ್ದು ಇಷ್ಟೇ. ಏನಾಗಿದೆ, ನೀವು ಏನು ಮಾಡುತ್ತೀರಿ, ಅವರು ಏನು ಮಾಡಬೇಕು. ನೀವು ಇದ್ಯಾವುದನ್ನೂ ಹೇಳದೆ ನಿಮ್ಮ ನಿದ್ದೆಯ ವಿಷಯ ಹೇಳಿದಿರಿ. ಅದು ಸುಳ್ಳಲ್ಲ, ಆದರೆ ಆ ಹೊತ್ತಿಗೆ ಅವರಿಗೆ ಕೇಳಿಸಿದ್ದು "ಇಲ್ಲಿ ಯಾರೂ ಜವಾಬ್ದಾರಿ ಹೊತ್ತಿಲ್ಲ" ಅಂತ. ಇಬ್ಬರು ಸೀನಿಯರ್‌ಗಳು ಪ್ಲಾಂಟ್ ಹೆಡ್ ಹತ್ತಿರ ಓಡಿದ್ದು ನಿಮ್ಮನ್ನು ಕೆಳಗೆ ಹಾಕಲು ಅಂತ ನನಗೆ ಅನ್ನಿಸುವುದಿಲ್ಲ. ಜವಾಬ್ದಾರಿ ಹೊತ್ತವರು ಯಾರು ಅಂತ ಹುಡುಕಿಕೊಂಡು ಹೋಗಿದ್ದಾರೆ.

ಲೀಡರ್ ತನ್ನ ದೌರ್ಬಲ್ಯ ತೋರಿಸಿದರೆ ಜನ ಹತ್ತಿರ ಬರುತ್ತಾರೆ ಎಂದು ಟ್ರೈನಿಂಗ್‌ಗಳಲ್ಲಿ ಈಗ ಧಾರಾಳವಾಗಿ ಹೇಳುತ್ತಾರೆ. ಇದು ಅರ್ಧ ನಿಜ. 1966ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ ಮತ್ತು ಅವರ ಜೊತೆಗಾರರು ಒಂದು ಪ್ರಯೋಗ ಮಾಡಿದರು. ಕ್ವಿಜ್‌ಗೆ ಆಯ್ಕೆ ನಡೆಯುತ್ತಿರುವಂಥ ಟೇಪನ್ನು ವಿದ್ಯಾರ್ಥಿಗಳಿಗೆ ಕೇಳಿಸಿದರು. ಒಬ್ಬ 100ಕ್ಕೆ 92 ಪ್ರಶ್ನೆಗೆ ಸರಿ ಉತ್ತರ ಕೊಡುತ್ತಾನೆ. ಇನ್ನೊಬ್ಬ 30ಕ್ಕೆ ಮಾತ್ರ. ಕೆಲವು ಟೇಪಿನಲ್ಲಿ ಕೊನೆಗೆ ಆತ ಮೈಮೇಲೆ ಕಾಫಿ ಚೆಲ್ಲಿಕೊಳ್ಳುತ್ತಾನೆ. ಜಾಣ ಕಾಫಿ ಚೆಲ್ಲಿಕೊಂಡಾಗ ಕೇಳುಗರಿಗೆ ಅವನು ಇನ್ನೂ ಇಷ್ಟವಾದ. ಸಾಧಾರಣದವನು ಚೆಲ್ಲಿಕೊಂಡಾಗ ಮೊದಲಿದ್ದ ಇಷ್ಟವೂ ಹೋಯಿತು. ಎಡವಟ್ಟು ಒಂದೇ. ಅದಕ್ಕೂ ಮೊದಲು ಜನ ಏನು ಕಂಡಿದ್ದರು ಅನ್ನುವುದೇ ಎಲ್ಲಾ ವ್ಯತ್ಯಾಸ ಮಾಡಿದ್ದು.

ನೀವು ಸಾಧಾರಣದವರು ಎಂದು ನಾನು ಹೇಳುತ್ತಿಲ್ಲ. ಕ್ವಾಲಿಟಿಯಲ್ಲಿ ಒಬ್ಬ ಹೆಂಗಸನ್ನು ಚಾಕಣದ ಕಾರ್ಖಾನೆಯವರು ಸುಮ್ನೆ ಮ್ಯಾನೇಜರ್ ಮಾಡುವುದಿಲ್ಲ. ಆದರೆ ನಿಮ್ಮ ಜಾಣತನ ಟೀಮಿಗೆ ಕಂಡಿರಲಿಲ್ಲ. ಒಂದು ವರ್ಷ ಇಮೇಲ್‌ನ ಹಿಂದೆ ಇದ್ದಿರಿ. ಅವರು ನಿಮ್ಮ ಬಾಯಿಂದ ಕೇಳಿದ ಮೊದಲ ದೊಡ್ಡ ಮಾತೇ "ನಾನು ತಕ್ಕವಳೋ ಅಲ್ಲವೋ" ಅನ್ನುವುದಾಯಿತು. ಅಷ್ಟೇ ಆದದ್ದು.

ಅದೇ ಮೀಟಿಂಗಿನಲ್ಲಿ, ಒಂದು ಸುಳ್ಳೂ ಇಲ್ಲದೆ, ಹೀಗೆ ಹೇಳಬಹುದಿತ್ತು: "ಈ ಕಂಪ್ಲೇಂಟ್ ದೊಡ್ಡದು. ಕಾರಣ ಏನು ಅಂತ ನನಗೆ ಇನ್ನೂ ಗೊತ್ತಿಲ್ಲ. ಇವತ್ತು ಸಂಜೆಯೊಳಗೆ ನಮ್ಮ ಸ್ಟಾಕು, ದಾರಿಯಲ್ಲಿರೋ ಮಾಲು ಎರಡನ್ನೂ ಒಂದೂ ಬಿಡದೆ ಚೆಕ್ ಮಾಡೋಣ. ಕಸ್ಟಮರ್ ಹತ್ತಿರ ನಾನು ಮಾತಾಡ್ತೀನಿ, ಬೈಗುಳ ನನಗೆ ಬರಲಿ. ನಾಳೆ 10 ಗಂಟೆಗೆ ಮತ್ತೆ ಸೇರೋಣ." ಇದರಲ್ಲೂ "ಗೊತ್ತಿಲ್ಲ" ಇದೆ ನೋಡಿ. ಮುಚ್ಚಿಟ್ಟಿದ್ದು ಏನೂ ಇಲ್ಲ. ರಾತ್ರಿಯ ಭಯ ಮಾತ್ರ ಬೇರೆ ಜಾಗಕ್ಕೆ ಹೋಗಬೇಕು. ನಿಮ್ಮ ಯಜಮಾನರ ಹತ್ತಿರ, ಹಳೆಯ ಸ್ನೇಹಿತೆಯ ಹತ್ತಿರ, ಬೇರೆ ಕಂಪನಿಯಲ್ಲಿರುವ ಹಿರಿಯರೊಬ್ಬರ ಹತ್ತಿರ. ನಿಮ್ಮಿಂದ ಸಂಬಳ ಹೆಚ್ಚಾಗಬೇಕಾದವರು, ನಿಮ್ಮಿಂದ ರಜೆ ಸಿಗಬೇಕಾದವರು ನಿಮ್ಮ ಭಯವನ್ನು ಹೊರಲಾರರು. ಪಾಪ, ಅವರಿಗೆ ಏನು ಉತ್ತರ ಕೊಡಬೇಕೆಂದೂ ತಿಳಿಯುವುದಿಲ್ಲ.

ಈಗ ನಿಮ್ಮ "ಒಳಗೊಂದು ಹೊರಗೊಂದು" ವಿಷಯ. ಈ ಮಾತು ನಮ್ಮಲ್ಲಿ ಬೈಗುಳದ ಹಾಗೆಯೇ ಬಳಕೆಯಲ್ಲಿದೆ. ಹಾಗಾಗಿ ನಿಮಗೆ ಹಿಂಸೆಯಾಗುವುದು ಸಹಜ. ಆದರೆ ಒಂದು ದಿನ ನೀವೇ ಗಮನಿಸಿ. ಬೆಳಗ್ಗೆ ಅಮ್ಮನ ಹತ್ತಿರ ಫೋನಿನಲ್ಲಿ ರಾಣೆಬೆನ್ನೂರಿನ ಮಾತು. ಬಾಗಿಲಲ್ಲಿ ತರಕಾರಿಯವನ ಜೊತೆ ಅರೆಬರೆ ಮರಾಠಿ. ಅತ್ತೆಯ ಮುಂದೆ ಒಂದು ದನಿ, ಮಗುವಿನ ಹೋಮ್‌ವರ್ಕ್ ಹೊತ್ತಿಗೆ ಇನ್ನೊಂದು ದನಿ. ಇದರಲ್ಲಿ ಯಾವುದು ಅಸಲಿ, ಯಾವುದು ನಕಲಿ? ಎಲ್ಲವೂ ನೀವೇ ಅಲ್ವಾ? ಒಳಗೆ ಒಂದೇ ಒಂದು ಅಸಲಿ ನಾನು ಇದೆ, ಆಫೀಸಿಗೆ ಹೋಗುವಾಗ ಅದಕ್ಕೆ ಮುಖವಾಡ ಹಾಕುತ್ತೇವೆ ಎಂಬ ಲೆಕ್ಕವೇ ತಪ್ಪು.

ಸುತ್ತಲಿನವರನ್ನು ನೋಡಿ ತಮ್ಮನ್ನು ಹೊಂದಿಸಿಕೊಳ್ಳುವುದರಲ್ಲಿ ಜನರ ನಡುವೆ ವ್ಯತ್ಯಾಸ ಇದ್ದೇ ಇದೆ. ಮಾರ್ಕ್ ಸ್ನೈಡರ್ ಎಂಬ ಮನಶ್ಶಾಸ್ತ್ರಜ್ಞ 1974ರಲ್ಲಿ ಇದನ್ನು ಅಳೆಯುವ ಪ್ರಶ್ನಾವಳಿಯನ್ನೇ ಮಾಡಿದರು. ಕೆಲವರು ಒಳಗೆ ಬಂದ ಕೂಡಲೇ ಕೋಣೆಯ ಗಾಳಿ ನೋಡಿ ಮಾತು ಬದಲಿಸುತ್ತಾರೆ. ಕೆಲವರು ಎಲ್ಲಿ ಹೋದರೂ ಇದ್ದ ಹಾಗೇ ಇರುತ್ತಾರೆ. ಮೊದಲಿನವರಿಗೆ ಊಸರವಳ್ಳಿ ಎಂಬ ಹೆಸರು ಬರುತ್ತದೆ, ಎರಡನೆಯವರಿಗೆ ಗರ್ವಿಷ್ಠರು ಎಂಬ ಹೆಸರು. ನೀವು ಎರಡನೆಯ ಗುಂಪು. ಇದು ಸ್ವಭಾವ. ದೊಡ್ಡ ಗುಣವೂ ಅಲ್ಲ, ಕಾಯಿಲೆಯೂ ಅಲ್ಲ.

ನಿಮ್ಮ ಯಜಮಾನರ ಸಲಹೆಯಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಮ್ಯಾನೇಜರ್ ಅನ್ನುವುದು ಒಂದು ಪಾತ್ರವೇ. ಆ ಪಾತ್ರಕ್ಕೆ ಕರ್ತವ್ಯಗಳಿವೆ. ಅದನ್ನು ಮಾಡುವಾಗ ನಿಮ್ಮ ಮೂಡ್ ಹೇಗಿದೆ ಎಂದು ಯಾರೂ ಕೇಳಬೇಕಿಲ್ಲ. ಆದರೆ ಬರೀ ನಟನೆಯ ಮೇಲೆ ದಿನ ತಳ್ಳಿದರೆ ಏನಾಗುತ್ತದೆ ಅನ್ನುವುದನ್ನು ಆರ್ಲಿ ಹೋಕ್‌ಶೀಲ್ಡ್ ಎಂಬ ಸಮಾಜಶಾಸ್ತ್ರಜ್ಞೆ 1983ರಲ್ಲೇ ಗಗನಸಖಿಯರ ಕೆಲಸ ನೋಡಿ ಬರೆದಿದ್ದಾರೆ. ಅವರು ಎರಡು ಬಗೆಯ ನಟನೆ ಗುರುತಿಸಿದರು. ಒಂದು ಮೇಲ್ಮೇಲಿನದು. ಒಳಗೆ ಕುದಿಯುತ್ತಿದ್ದರೂ ಮುಖದ ಮೇಲೆ ನಗು ಅಂಟಿಸಿಕೊಳ್ಳುವುದು. ಇನ್ನೊಂದು ಒಳಗಿನದು. ಬೈಯುತ್ತಿರುವ ಪ್ರಯಾಣಿಕನಿಗೆ ವಿಮಾನ ಅಂದರೆ ಭಯವಿರಬಹುದು ಎಂದು ಯೋಚಿಸಿ ಸಿಟ್ಟನ್ನೇ ಇಳಿಸಿಕೊಳ್ಳುವುದು. ಮೊದಲನೆಯದು ಮನುಷ್ಯನನ್ನು ಹಿಂಡಿಹಾಕುತ್ತದೆ ಎಂದು ಆಮೇಲೆ ಬಂದ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ.

ನನ್ನ ಹತ್ತಿರ ಬರುವವರಲ್ಲೂ ಇದನ್ನೇ ನೋಡುತ್ತೇನೆ. ಪುಣೆ ಸುತ್ತಲಿನ ಭೋಸರಿ, ಪಿಂಪ್ರಿ, ತಳೇಗಾಂವ್ ಕಡೆಯ ಎಷ್ಟೋ ಮ್ಯಾನೇಜರ್‌ಗಳು ಕಾರ್ಖಾನೆಯಲ್ಲಿ ಗಟ್ಟಿ ದನಿಯ ಸಾಹೇಬರ ಪಾತ್ರ ಮಾಡುತ್ತಾರೆ. ಸಂಜೆ ನಾಶಿಕ್ ಫಾಟಾದ ಟ್ರಾಫಿಕ್ ದಾಟಿ ಮನೆಗೆ ಬರುವ ಹೊತ್ತಿಗೆ ಮಕ್ಕಳ ಜೊತೆ ಎರಡು ಮಾತಾಡುವ ತ್ರಾಣ ಇರುವುದಿಲ್ಲ. ನಿಮ್ಮಂಥವರು ಇದನ್ನು ಮಾಡಲು ಹೋದರೆ ಇನ್ನೂ ಒಂದು ತೊಂದರೆ. ನಟನೆ ಸರಿಯಾಗಿ ಬರುವುದಿಲ್ಲ. ಬಾರದ ಜೋಕು ಹೇಳುವ ಮ್ಯಾನೇಜರ್‌ಗಿಂತ ಜೋಕೇ ಹೇಳದ ಮ್ಯಾನೇಜರ್ ವಾಸಿ.

ಹಾಗಂತ "ನಾನಿರೋದೇ ಹೀಗೆ" ಎಂದು ಕೈಕಟ್ಟಿ ಕೂರುವುದಕ್ಕೂ ನನ್ನ ಒಪ್ಪಿಗೆ ಇಲ್ಲ. ಅದು ಪ್ರಾಮಾಣಿಕತೆಯ ಹಾಗೆ ಕಾಣುತ್ತದೆ. ಎಷ್ಟೋ ಸಲ ಅದು ಹೊಸದನ್ನು ಕಲಿಯುವ ಮುಜುಗರ ತಪ್ಪಿಸಿಕೊಳ್ಳುವ ದಾರಿ ಮಾತ್ರ. ಹೊಸ ಹುದ್ದೆಗೆ ಬಂದಾಗ ಹೊಸ ವರ್ತನೆ ಮೊದಮೊದಲು ಸುಳ್ಳು ಅನ್ನಿಸಿಯೇ ಅನ್ನಿಸುತ್ತದೆ. ನಮ್ಮ ಪುಣೆಯಲ್ಲೇ ಇದ್ದ ಭೀಮಸೇನ ಜೋಶಿಯವರನ್ನು ನೆನೆಯಿರಿ. ಗದಗದ ಹುಡುಗ. ಕುಂದಗೋಳದಲ್ಲಿ ಸವಾಯಿ ಗಂಧರ್ವರ ಹತ್ತಿರ ಕೂತು ಗುರು ಹಾಡಿದಂತೆಯೇ ಹಾಡಲು ಕಲಿತರು. ಆಮೇಲೆ ಕೇಸರಬಾಯಿ ಕೇರ್ಕರ್, ಉಸ್ತಾದ್ ಅಮೀರ್ ಖಾನ್ ಅಂಥ ಬೇರೆ ಘರಾನೆಯ (ಗಾಯನ ಪರಂಪರೆಯ) ಗಾಯಕರಿಂದಲೂ ಬೇಕಾದ್ದನ್ನು ಎತ್ತಿಕೊಂಡರು. ಕನ್ನಡದ ದಾಸರ ಪದ, ಮರಾಠಿ ಅಭಂಗ ಎರಡನ್ನೂ ಹಾಡಿದರು. ಅವರ ದನಿಯನ್ನು ಎರವಲು ಎಂದು ಯಾರೂ ಹೇಳಲಿಲ್ಲ. ಕೇಳಿದ ತಕ್ಷಣ ಇದು ಭೀಮಸೇನರೇ ಎಂದು ಗೊತ್ತಾಗುತ್ತಿತ್ತು. ಬೇರೆಯವರ ರೀತಿಯನ್ನು ಹಾಕಿ ನೋಡಿ, ಒಗ್ಗಿದ್ದನ್ನು ಇಟ್ಟುಕೊಂಡು, ಒಗ್ಗದ್ದನ್ನು ಬಿಡುವುದು ನಟನೆ ಅಲ್ಲ. ಎಲ್ಲರೂ ಬೆಳೆಯುವುದೇ ಹಾಗೆ.

ಒಂದು ಮಾತು ಟ್ರೈನಿಂಗ್ ಕೊಟ್ಟವರ ಬಗ್ಗೆ ಹೇಳಲೇಬೇಕು. "ನೀವು ನೀವಾಗಿರಿ" ಎಂಬ ಉಪದೇಶ ಎಲ್ಲರಿಗೂ ಒಂದೇ ಬೆಲೆಗೆ ಸಿಗುವುದಿಲ್ಲ. ಪುಣೆಯ ಕೋಥ್ರೂಡಿನಲ್ಲಿ ಹುಟ್ಟಿ, ಇಂಗ್ಲಿಷ್ ಶಾಲೆಯಲ್ಲಿ ಓದಿ, ಪ್ಲಾಂಟ್ ಹೆಡ್ ಜೊತೆ ಕ್ರಿಕೆಟ್ ಮಾತಾಡುವ ಗಂಡಸಿಗೆ ತಾನು ತಾನಾಗಿರಲು ಖರ್ಚೇ ಇಲ್ಲ. ಅವನ ಸ್ವಭಾವಕ್ಕೂ ಆಫೀಸಿನ ರೀತಿಗೂ ಮೊದಲೇ ಹೊಂದಿಕೆಯಾಗಿದೆ. ಅವನು "ನಂಗೂ ತಲೆ ಓಡ್ತಿಲ್ಲ ಯಾರ್" ಅಂದರೆ ಎಲ್ಲರೂ ನಗುತ್ತಾರೆ, ದೊಡ್ಡ ಮನುಷ್ಯ ಅನ್ನುತ್ತಾರೆ. ಹೊರಗಿನಿಂದ ಬಂದ, ಮಾತು ಕಮ್ಮಿಯ, ಹೊಸದಾಗಿ ಮ್ಯಾನೇಜರ್ ಆದ ಹೆಂಗಸು ಅದೇ ಮಾತು ಹೇಳಿದರೆ ಲೆಕ್ಕ ಬೇರೆ. ಇದು ನ್ಯಾಯ ಅಲ್ಲ. ಆದರೆ ಇದೆ. ಇನ್ನು ಕೆಲವರಿಗೆ ಬೆಲೆ ಇದಕ್ಕಿಂತ ಜಾಸ್ತಿ. ತಮ್ಮ ಜಾತಿ ಹೇಳಿಕೊಳ್ಳಲು ಹಿಂಜರಿಯುವವರು, ತಮ್ಮ ಜೊತೆಗಾರ ಯಾರೆಂದು ಹೇಳಲಾಗದವರು ಎಲ್ಲಾ ಕಡೆ ಇದ್ದಾರೆ. ಸಲಿಂಗ ಸಂಬಂಧ ಅಪರಾಧ ಅಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2018ರಲ್ಲಿ. ಎಷ್ಟೋ ಕ್ಯಾಂಟೀನ್‌ಗಳಿಗೆ ಆ ತೀರ್ಪು ಇನ್ನೂ ತಲುಪಿಲ್ಲ. ಅಂಥವರಿಗೆ ಮನಸ್ಸು ಬಿಚ್ಚಿ ಎಂದು ಹೇಳುವ ಹಕ್ಕು ಯಾವ ಟ್ರೈನರ್‌ಗೂ ಇಲ್ಲ. ನೀವು ಮ್ಯಾನೇಜರ್ ಆಗಿರುವುದರಿಂದ ಇದನ್ನೂ ಹೇಳಿದೆ. ನಿಮ್ಮ 16 ಜನರಲ್ಲಿ ಯಾರು ಏನನ್ನು ಮುಚ್ಚಿಟ್ಟುಕೊಂಡಿದ್ದಾರೋ ನಿಮಗೆ ಗೊತ್ತಿಲ್ಲ. ಕೆದಕಬೇಡಿ.

ಹಾಗಾದರೆ "ಮೇಡಂ ಮನಸ್ಸಲ್ಲಿ ಏನಿದೆ ಅಂತ ಗೊತ್ತೇ ಆಗಲ್ಲ" ಎಂದು ಬರೆದವರು ಕೇಳಿದ್ದು ಏನನ್ನು? ನೀವು ಅದನ್ನು "ನಮ್ಮ ಜೊತೆ ಮನಸ್ಸು ಬಿಚ್ಚಿ" ಎಂದು ಓದಿದಿರಿ. ನನ್ನ ಅನುಭವದಲ್ಲಿ ಶಾಪ್ ಫ್ಲೋರಿನವರು, ಅಂದರೆ ಯಂತ್ರಗಳ ಹತ್ತಿರ ಕೆಲಸ ಮಾಡುವವರು, ಹಾಗೆ ಬರೆದರೆ ಅರ್ಥ ಬೇರೆ. ರಾತ್ರಿ ಶಿಫ್ಟಿನಲ್ಲಿ 2 ಗಂಟೆಗೆ ಒಂದು ಲಾಟ್ (ಒಟ್ಟಿಗೆ ತಯಾರಾದ ಮಾಲು) ಮೇಲೆ ಅನುಮಾನ ಬಂದರೆ ಮೇಡಂಗೆ ಫೋನ್ ಮಾಡಬಹುದಾ, ಮಾಡಬಾರದಾ? ನಾನೇ ಅಳತೆ ತಪ್ಪಿದ್ದೆ ಎಂದು ಒಪ್ಪಿಕೊಂಡರೆ ಬೈಯುತ್ತಾರಾ, ಮೆಮೋ ಕೊಡುತ್ತಾರಾ, ಥ್ಯಾಂಕ್ಸ್ ಹೇಳುತ್ತಾರಾ? ಗಣಪತಿಗೆ ಊರಿಗೆ ಹೋಗಲು ರಜೆ ಕೇಳಿದರೆ ಯಾರಿಗೆ ಮೊದಲು ಕೊಡುತ್ತಾರೆ? ಪ್ರೊಡಕ್ಷನ್‌ನವರು ಜಗಳಕ್ಕೆ ಬಂದರೆ ನಮ್ಮ ಪರ ನಿಲ್ಲುತ್ತಾರಾ? ಇವು ಅವರಿಗೆ ದಿನಾ ಎದುರಾಗುವ ಪ್ರಶ್ನೆಗಳು. ನಿಮ್ಮ ಮುಖ ನೋಡಿದರೆ ಉತ್ತರ ಸಿಗುತ್ತಿಲ್ಲ. ಹಾಗಾಗಿ ಸುಮ್ಮನಿರುತ್ತಾರೆ.

ಕ್ವಾಲಿಟಿಯಲ್ಲಿ ಈ ಸುಮ್ಮನಿರುವುದೇ ಅಪಾಯ. ಏಮಿ ಎಡ್ಮಂಡ್ಸನ್ ಎಂಬ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ನೋಡುತ್ತಿದ್ದರು. ಚೆನ್ನಾಗಿ ಕೆಲಸ ಮಾಡುವ ತಂಡಗಳಲ್ಲಿ ತಪ್ಪು ಕಮ್ಮಿ ಇರುತ್ತದೆ ಎಂಬ ಎಣಿಕೆ. ಲೆಕ್ಕ ಬಂದದ್ದು ಉಲ್ಟಾ. ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪು ದಾಖಲಾಗಿತ್ತು. ಆ ತಂಡಗಳಲ್ಲಿ ತಪ್ಪನ್ನು ಹೇಳಿಕೊಳ್ಳಲು ಭಯ ಇರಲಿಲ್ಲ, ಅದಕ್ಕೇ ದಾಖಲಾದವು ಎಂಬುದು ಆಮೇಲೆ ಸ್ಪಷ್ಟವಾಯಿತು. ಟೊಯೋಟಾ ಕಾರ್ಖಾನೆಯಲ್ಲಿ ಲೈನ್ ಪಕ್ಕ ಕಟ್ಟುವ ಆಂಡಾನ್ ಹಗ್ಗದ ವಿಷಯ ನಿಮಗೆ ನಾನು ಹೇಳಬೇಕಿಲ್ಲ. ಯಾವ ಕೆಲಸಗಾರನಾದರೂ ಅದನ್ನು ಎಳೆದು ತೊಂದರೆ ಇದೆ ಎಂದು ತಿಳಿಸಬಹುದು. ಆದರೆ ಎಳೆದವನ ಕಡೆ ಮೇಲಿನವರು ಯಾವ ಮುಖ ಮಾಡಿಕೊಂಡು ಬರುತ್ತಾರೆ ಅನ್ನುವುದರ ಮೇಲೆ ಮುಂದಿನ ಸಲ ಅವನು ಎಳೆಯುತ್ತಾನೋ ಇಲ್ಲವೋ ಅನ್ನುವುದು ನಿಂತಿದೆ. ಲೀಡರ್ ಸಹಜವಾಗಿ ಇದ್ದಾರಾ ಎಂದು ನೋಡಲು ನಾನು ಬಳಸುವ ಅಳತೆ ಇದೊಂದೇ. ಕೆಟ್ಟ ಸುದ್ದಿ ಅವರ ಹತ್ತಿರ ಬೇಗ ಬರುತ್ತಾ, ತಡವಾಗಿ ಬರುತ್ತಾ? ಅವರು ಎಷ್ಟು ನಗುತ್ತಾರೆ, ಎಷ್ಟು ಅಳುತ್ತಾರೆ ಎಂಬುದು ನನಗೆ ಬೇಕಿಲ್ಲ.

ಇದಕ್ಕೆ ಮಾತುಗಾರರಾಗಬೇಕಿಲ್ಲ. ಭೋಸರಿಯಲ್ಲಿ ಲೋಹದ ಹಾಳೆ ಒತ್ತುವ ಒಂದು ಪ್ರೆಸ್ ಶಾಪಿನಲ್ಲಿ ನಾನು ಕಂಡ ಒಬ್ಬ ಸೂಪರ್‌ವೈಸರ್ ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಆದರೆ ಹೊಸಬ ಬಂದ ದಿನವೇ ಅವರು ಒಂದು ಮಾತು ಹೇಳುತ್ತಿದ್ದರು: "ತಪ್ಪು ಮಾಡಿ ಬಂದು ಹೇಳು, ಬೈಯಲ್ಲ. ಮುಚ್ಚಿಟ್ಟರೆ ಬಿಡಲ್ಲ." ಹೇಳಿದ ಹಾಗೆ ನಡೆದುಕೊಳ್ಳುತ್ತಿದ್ದರು, ಎರಡೂ ಕಡೆ. ಅವರ ಮನೆಯಲ್ಲಿ ಎಷ್ಟು ಜನ, ಅವರಿಗೆ ಏನು ಇಷ್ಟ, ಯಾರಿಗೂ ಗೊತ್ತಿರಲಿಲ್ಲ. ಅವರ ಮನಸ್ಸಲ್ಲಿ ಏನಿದೆ ಗೊತ್ತಾಗಲ್ಲ ಎಂದು ಮಾತ್ರ ಒಬ್ಬರೂ ದೂರಲಿಲ್ಲ.

ನೀವೂ ಹಾಗೆ ಎರಡು ಮೂರು ವಿಷಯ ಆರಿಸಿಕೊಳ್ಳಿ. ನಿಜಕ್ಕೂ ನೀವು ನಂಬಿದ್ದನ್ನೇ ಆರಿಸಿ. ಶಿಫ್ಟ್ ಬದಲಾಗುವ ಹೊತ್ತಿಗೆ ಲೈನ್ ಪಕ್ಕದಲ್ಲಿ ನಿಂತು, ಐದು ನಿಮಿಷದಲ್ಲಿ, ಬಾಯಿಂದ ಹೇಳಿ. ಇಮೇಲ್ ಬೇಡ. "ರಾತ್ರಿ ಎಷ್ಟು ಹೊತ್ತಿಗಾದರೂ ಫೋನ್ ಮಾಡಿ" ಎಂದು ಹೇಳಿದರೆ, ಮಾಡಿದವನ ಫೋನನ್ನು ಆ ರಾತ್ರಿ ಒಳ್ಳೆಯ ದನಿಯಲ್ಲಿ ಎತ್ತಬೇಕು. ಇದರ ಅಪಾಯವೂ ಅಲ್ಲೇ ಇದೆ. ಒಂದು ಸಲ ಮಾತು ತಪ್ಪಿದರೆ ಹೇಳದೇ ಇದ್ದದ್ದಕ್ಕಿಂತ ಕೆಟ್ಟದಾಗುತ್ತದೆ. ಹಾಗಾಗಿ ನಡೆಸಲು ಆಗುವಷ್ಟೇ ಹೇಳಿ. ಫಲ ಕಾಣಲು ತಿಂಗಳುಗಳು ಬೇಕು. ಮಧ್ಯದಲ್ಲಿ "ಮೇಡಂ ಟ್ರೈನಿಂಗ್‌ಗೆ ಹೋಗಿ ಬಂದಿದ್ದಾರೆ" ಎಂದು ಕೆಲವರು ಮುಸಿಮುಸಿ ನಗಬಹುದು. ನಗಲಿ.

ಭಾಷೆಯ ಮುಜುಗರಕ್ಕೆ ಬರೋಣ. ಹಿಂದಿಯಲ್ಲಿ ಕುರ್ಚಿಗೂ ಬಸ್ಸಿಗೂ ಗಂಡು ಹೆಣ್ಣು ಇದೆ. ಮರಾಠಿಯಲ್ಲಂತೂ ವಸ್ತುಗಳು ಮೂರೂ ಲಿಂಗಕ್ಕೆ ಹಂಚಿಹೋಗಿವೆ. ಕನ್ನಡದಲ್ಲಿ ಬೆಳೆದ ನಾಲಿಗೆ ಅಲ್ಲಿ ತಪ್ಪುವುದು ಮಾಮೂಲು. ಇಪ್ಪತ್ತು ವರ್ಷದಿಂದ ಪುಣೆಯಲ್ಲಿರುವ ಕನ್ನಡಿಗರೂ ತಪ್ಪುತ್ತಾರೆ. ಎಲ್ಲರೂ ಅದನ್ನೇ ಗಮನಿಸುತ್ತಿದ್ದಾರೆ ಎಂದು ನಿಮಗೆ ಅನ್ನಿಸುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಟಾಮ್ ಗಿಲೋವಿಚ್ ಮತ್ತು ಜೊತೆಗಾರರು ವಿದ್ಯಾರ್ಥಿಗಳಿಗೆ ನಾಚಿಕೆಯಾಗುವಂಥ ಚಿತ್ರವಿರುವ ಟೀ ಶರ್ಟ್ ತೊಡಿಸಿ ಬೇರೆಯವರು ಕೂತಿದ್ದ ಕೋಣೆಗೆ ಕಳಿಸಿದರು. ಅಧ್ಯಯನ ಪ್ರಕಟವಾದದ್ದು 2000ದಲ್ಲಿ. ಸುಮಾರು ಅರ್ಧದಷ್ಟು ಜನ ಗಮನಿಸಿದರು ಎಂದು ಶರ್ಟ್ ತೊಟ್ಟವರು ಅಂದುಕೊಂಡಿದ್ದರು. ನಿಜಕ್ಕೂ ಗಮನಿಸಿದ್ದು ಸುಮಾರು ಕಾಲುಭಾಗ. ಅವತ್ತು ನಿಮ್ಮ ಮೀಟಿಂಗಿನಲ್ಲಿ ನಕ್ಕವನಿಗೆ ಅದು ಸಂಜೆಯೊಳಗೆ ಮರೆತುಹೋಗಿರುತ್ತದೆ. ನೀವು ಮಾತ್ರ ಇಮೇಲ್ ಹಿಂದೆ ಹೋಗಿ ಕೂತಿರಿ.

ನನ್ನ ಸಲಹೆ ಕೇಳಿದರೆ, ಸರಿಯಾದ ಹಿಂದಿಗಿಂತ ಮುರುಕು ಮರಾಠಿಗೆ ಒತ್ತು ಕೊಡಿ. ಪುಣೆಯಲ್ಲಿ ಅದು ತೆರೆಯುವ ಬಾಗಿಲುಗಳೇ ಬೇರೆ. ತಪ್ಪಾದಾಗ ಕ್ಷಮೆ ಕೇಳಬೇಡಿ. "ಬರೋಬರ್ ಸಾಂಗಾ" ಎಂದು ಪಕ್ಕದವರನ್ನೇ ತಿದ್ದಲು ಹೇಳಿ, ಮುಂದುವರಿಯಿರಿ. ಊಟದ ಡಬ್ಬಿಯನ್ನೂ ಕ್ಯಾಬಿನ್‌ನಲ್ಲಿ ಒಬ್ಬರೇ ತೆರೆಯುತ್ತಿದ್ದರೆ ನಿಲ್ಲಿಸಿ. ನಿಮ್ಮ ಜೋಳದ ರೊಟ್ಟಿ ಅವರಿಗೆ ಭಾಕರಿ, ಶೇಂಗಾ ಚಟ್ನಿ ಅವರ ಮನೆಯಲ್ಲೂ ಇದೆ. ದಸರೆಯಲ್ಲಿ ಕಾರ್ಖಾನೆಯಲ್ಲಿ ಯಂತ್ರಗಳಿಗೆ ಪೂಜೆ ಮಾಡಿ ಅವರು ಆಪಟಾ ಮರದ ಎಲೆಯನ್ನು ಸೋನಂ (ಚಿನ್ನ) ಎಂದು ಹಂಚುತ್ತಾರಲ್ಲ, ಅವತ್ತು ನೀವು ನಮ್ಮ ಕಡೆ ಬನ್ನಿ ಕೊಟ್ಟು "ಬಂಗಾರದಂಗ ಇರೋಣ" ಅನ್ನುತ್ತೇವೆ ಎಂದು ಹೇಳಿ ಕೊಡಿ. ಇದರಲ್ಲಿ ನಟನೆ ಇಲ್ಲ, ಅಪಾಯವೂ ಇಲ್ಲ. ರಾತ್ರಿಯ ಪಾರ್ಟಿಗಳಿಗೆ ಹೋಗಲು ಮನಸ್ಸಿಲ್ಲದಿದ್ದರೆ ಊಟ ಮಾಡಿ ಬೇಗ ಹೊರಡಿ. ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಅಮ್ಮನ ವಿಷಯವನ್ನು ಹೇಳಿ. ಆದರೆ ಕೆಲಸಕ್ಕೆ ತಾಗುವಷ್ಟು ಮಾತ್ರ. "ಊರಲ್ಲಿ ಅಮ್ಮನಿಗೆ ಹುಷಾರಿಲ್ಲ. ಈ ತಿಂಗಳು ಎರಡು ಶನಿವಾರ ನಾನಿರಲ್ಲ. ಆ ದಿನ ಡಿಸ್ಪ್ಯಾಚ್ ಸಹಿ ಇವರು ಮಾಡ್ತಾರೆ, ತುರ್ತಿದ್ದರೆ ನನಗೆ ಫೋನ್ ಮಾಡಿ." ರೋಗದ ಹೆಸರು, ಖರ್ಚು, ಮನೆಯ ಜಗಳ ಯಾವುದೂ ಬೇಕಿಲ್ಲ. ಹೇಳುವುದರಲ್ಲಿ ಒಂದು ಅಪಾಯ ಇದೆ. "ಪಾಪ, ಅವರಿಗೆ ಮನೆ ಕಷ್ಟ" ಎಂದು ಒಳ್ಳೆಯ ಪ್ರಾಜೆಕ್ಟನ್ನು ನಿಮ್ಮ ಕೈಯಿಂದ ತೆಗೆಯುವವರು ಇರುತ್ತಾರೆ, ಅದೂ ಹೆಂಗಸರ ವಿಷಯದಲ್ಲಿ. ಅದಕ್ಕೇ ಪ್ಲಾಂಟ್ ಹೆಡ್‌ಗೆ ಮೊದಲು ಹೇಳಿ, "ಕೆಲಸ ಕಮ್ಮಿ ಮಾಡಬೇಡಿ, ದಿನ ಮಾತ್ರ ಹೊಂದಿಸಿಕೊಡಿ" ಎಂದು ಸ್ಪಷ್ಟ ಮಾಡಿ. ಹೇಳದಿದ್ದರೆ ಅಪಾಯ ಇನ್ನೂ ಜಾಸ್ತಿ. ಕಾರಣ ಇಲ್ಲದೆ ಮಾಯವಾಗುವ ಮ್ಯಾನೇಜರ್ ಬಗ್ಗೆ ಜನ ತಾವೇ ಕಾರಣ ಕಟ್ಟುತ್ತಾರೆ. ಕೆಲಸ ಹುಡುಕುತ್ತಿದ್ದಾರೆ ಅನ್ನುವುದೇ ಮೊದಲು ಬರುತ್ತದೆ.

ಆ ಇಬ್ಬರು ಸೀನಿಯರ್‌ಗಳನ್ನು ಬೇರೆಬೇರೆಯಾಗಿ ಕರೆದು ಮಾತಾಡಿ. ದೂರಬೇಡಿ. "ಅವತ್ತು ನಾನು ಪ್ಲಾನ್ ಹೇಳಬೇಕಿತ್ತು, ಹೇಳಲಿಲ್ಲ. ಇನ್ನು ಮುಂದೆ ಕಂಪ್ಲೇಂಟ್ ಬಂದರೆ ಒಂದು ಗಂಟೆಯೊಳಗೆ ನನ್ನಿಂದ ಪ್ಲಾನ್ ಬರುತ್ತೆ. ಅದು ಸರಿ ಇಲ್ಲ ಅನ್ನಿಸಿದರೆ ಮೊದಲು ನನಗೆ ಹೇಳಿ, ಆಮೇಲೆ ಮೇಲೆ ಹೋಗಿ." ಇಷ್ಟೇ ಸಾಕು. ಪ್ಲಾಂಟ್ ಹೆಡ್‌ಗೂ ಒಂದು ಕೋರಿಕೆ ಇಡಿ. ಆ ಸೀನಿಯರ್‌ಗಳು ಬಂದಾಗ "ಮೇಡಂಗೆ ಹೇಳಿದ್ದೀರಾ?" ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳಲಿ. ಬೈದವರೇ ಆದರೂ, ಇದಕ್ಕೆ ಇಲ್ಲ ಎನ್ನುವ ಬಾಸ್‌ಗಳು ಕಮ್ಮಿ. ಬೈಪಾಸ್ ಆಗುವ ಮ್ಯಾನೇಜರ್‌ನಿಂದ ಅವರಿಗೂ ಕೆಲಸ ಹೆಚ್ಚು.

ಕೆಲಸ ಬಿಡುವ ವಿಚಾರವನ್ನು ನೀವು ಬರೆದಿಲ್ಲ. ಆದರೂ ಅದು ಮನಸ್ಸಿನಲ್ಲಿ ಇರಬಹುದು. ಮಾತು, ಹಿಂದಿಯ ಲಿಂಗದ ತಪ್ಪು, ಪಾರ್ಟಿ, ಭಯ ಇವುಗಳಿಗಾಗಿ ಬಿಡಬೇಡಿ. ತಳೇಗಾಂವ್‌ಗೆ ಹೋದರೂ ರಾಂಜಣಗಾಂವ್‌ಗೆ ಹೋದರೂ ಅವು ಜೊತೆಗೇ ಬರುತ್ತವೆ. ನಾನು ಬಿಡಿ ಎಂದು ಹೇಳುವುದು ಒಂದೇ ಸಂದರ್ಭದಲ್ಲಿ. ಕೆಟ್ಟದ್ದೆಂದು ಗೊತ್ತಿರುವ ಲಾಟ್‌ಗೆ ನಿಮ್ಮಿಂದ ಸಹಿ ಹಾಕಿಸಿಕೊಳ್ಳಲು ನೋಡಿದರೆ, ರೀಡಿಂಗ್ ತಿದ್ದಿ ಎಂದರೆ. ನಿಮ್ಮ ಭಯವನ್ನು ಆಫೀಸಿನಲ್ಲಿ ಮುಚ್ಚಿಡಬಹುದು, ನಿಮ್ಮ ತೀರ್ಮಾನವನ್ನು ಮುಚ್ಚಿಡಲು ಆಗುವುದಿಲ್ಲ. ವಾಹನ ಉದ್ಯಮದ ಕ್ವಾಲಿಟಿ ಮಾನದಂಡ ಐಎಟಿಎಫ್ 16949 ಇದರಲ್ಲಿ ನಿಮ್ಮ ಪರ ಇದೆ. ಗುಣಮಟ್ಟಕ್ಕೆ ಹೊಣೆಯಾದವರಿಗೆ ಮಾಲು ಕಳಿಸುವುದನ್ನೂ ಉತ್ಪಾದನೆಯನ್ನೂ ನಿಲ್ಲಿಸುವ ಅಧಿಕಾರ ಇರಬೇಕು ಎಂದು ಅದು ಹೇಳುತ್ತದೆ. ಅಂಥ ದಿನ ಬಂದರೆ ಮೊದಲು ಬಾಯಲ್ಲಿ "ಸಹಿ ಹಾಕಲ್ಲ" ಎನ್ನಿ. ಅವತ್ತೇ ಲಾಟ್ ನಂಬರ್, ರೀಡಿಂಗ್, ಕಾರಣ ಬರೆದು ಪ್ಲಾಂಟ್ ಹೆಡ್‌ಗೆ ಇಮೇಲ್ ಮಾಡಿ. ಅಲ್ಲಿ ಮಾತ್ರ ಇಮೇಲೇ ಸರಿ.